ಉಡಿ ಖಣದ ಕ್ರಿಸ್ಮಸ್ ಟೊಪ್ಪಿಗೆ

ಹೊಲಿಗೆ ಮಷಿನ್ ಮೇಲಿದ್ದ ಕೆಂಪು ಟೊಪ್ಪಿಗೆಯನ್ನು ಅತ್ತೆ ಕೈಗೆತ್ತಿಕೊಂಡಾಗ ನನ್ನ ಜೀವ ಬಾಯಿಗೆ ಬಂತು. ಸೇಡಂನಿಂದ ಹೇಳದೆ ಕೇಳದೆ ಬಂದಿಳಿದಿದ್ದರು.

ಮರುದಿನ ಮಗಳ ಶಾಲೆಯಲ್ಲಿ ಕ್ರಿಸ್ಮಸ್ ಕಾರ್ಯಕ್ರಮ, ಸಾಂತಾಕ್ಲಾಸ್ ಪಾತ್ರ ಅವಳದೇ. ನಮ್ಮೂರು ವಾಡಿಯ ಅಂಗಡಿಯಲ್ಲಿ ಮಖಮಲ್ ಮುಗಿದಿತ್ತು. ತಂದ ಸ್ಯಾಟಿನ್ ಸೂಜಿಯ ಕೆಳಗೆ ಜಾರಿ ಜಾರಿ, ಹೊಲಿದಲ್ಲೆಲ್ಲ ಮುದುರಿಕೊಂಡಿತು. ಗಡಿಬಿಡಿಯಲ್ಲಿ ಟ್ರಂಕಿನೊಳಗಿದ್ದ ಕೆಂಪು ಖಣವನ್ನು ಕತ್ತರಿಸಿಬಿಟ್ಟಿದ್ದೆ. ಸನ್ನತಿಯ ಚಂದ್ರಲಾಂಬೆಯ ಗುಡಿಯಲ್ಲಿ ಅತ್ತೆಯೇ ನನ್ನ ಉಡಿ ತುಂಬಿದ್ದ ಖಣ ಅದು. ಕುಪ್ಪಸ ಹೊಲಿಸಿ ನಾನೇ ತೊಡಬೇಕು, ಬೇರೆ ಯಾವುದಕ್ಕೂ ಕತ್ತರಿ ಹಾಕಬಾರದು ಎಂದು ಅವತ್ತೇ ಹೇಳಿದ್ದರು.

ಅತ್ತೆ ಟೊಪ್ಪಿಗೆಯನ್ನು ತಿರುವಿ ನೋಡಿದರು. ಅಂಚಿಗೆ ಹಚ್ಚಿದ್ದ ಬಿಳಿ ಹತ್ತಿಯನ್ನು ಸವರಿದರು. ಆಮೇಲೆ ಒಳಗೆ ಕೈ ಹಾಕಿದರು.

"ಒಳಗ ಅಸ್ತರ್ ಹಚ್ಚಿಲ್ಲಲ್ಲ? ಈ ಜರಿ ಕೂಸಿನ ಹಣಿಗಿ ಭಾಳ ಚುಚ್ಚತದ" ಎಂದವರೇ ಚೀಲದಿಂದ ತಮ್ಮದೊಂದು ಉಟ್ಟು ಮೆತ್ತಗಾದ ಸೀರೆ ತೆಗೆದು ನನ್ನ ಮುಂದಿಟ್ಟರು. "ಇದರಾಗ ಒಂದ್ ತುಂಡ ಹರ್ಕೋ."

ಖಣದ ಮಾತೇ ಎತ್ತಲಿಲ್ಲ. ಗುರುತು ಸಿಗಲಿಲ್ಲವೋ, ಸಿಟ್ಟು ನುಂಗಿಕೊಂಡರೋ ತಿಳಿಯದೆ, ಅಸ್ತರ್ ಹೊಲಿದು ಮುಗಿಸುವವರೆಗೂ ಅವರ ಮುಖವನ್ನು ಕದ್ದು ಕದ್ದು ನೋಡುತ್ತಿದ್ದೆ.

ತಿಂಗಳ ನಂತರ ಸನ್ನತಿಗೆ ಹೋಗಿ ಬಂದ ಅತ್ತೆ ನನ್ನ ಕೈಗೆ ಎರಡು ಖಣ ಇಟ್ಟರು. "ಒಂದು ನೀ ತೊಟ್ಕೋ. ಇನ್ನೊಂದು ನಿನ್ನ ಕತ್ತರಿಗೆ" ಎಂದರು. ನನ್ನದನ್ನು ಹೊಲಿಸಿ ತೊಟ್ಟಿದ್ದೇನೆ. ಇನ್ನೊಂದು ಟ್ರಂಕಿನಲ್ಲೇ ಇದೆ. ಅದಕ್ಕೆ ಕತ್ತರಿ ಹಾಕುವ ಧೈರ್ಯ ಇನ್ನೂ ಬಂದಿಲ್ಲ.