ಅತ್ತಿಗೆಯ ಅಲಾರಂ

ನಮ್ಮ ಡಿಪೋದಲ್ಲಿ ಬೆಳಗಿನ ಮೊದಲ ಬಸ್ಸು ಓಡಿಸುವ ಡ್ರೈವರಿಗೆ ಎಲ್ಲರೂ ಕುಂಭಕರ್ಣ ಅನ್ನುತ್ತಿದ್ದರು. ಎದುರಿಗೇ ಅನ್ನುತ್ತಿದ್ದರು, ಅವರೂ ಬೇಜಾರಿಲ್ಲದೆ ಓಗೊಡುತ್ತಿದ್ದರು. ನಾನು ಮಾತ್ರ ಅಣ್ಣ ಅನ್ನುತ್ತಿದ್ದೆ. ಒಡಹುಟ್ಟಿದವರೇನಲ್ಲ. ಅದೇ ಬಸ್ಸಿನ ಕಂಡಕ್ಟರ್ ನಾನು, ಅವರ ಮನೆಯಿಂದ ಮೂರನೇ ಬಾಗಿಲು ನನ್ನದು. ವರ್ಷಗಟ್ಟಲೆ ಒಬ್ಬರ ಬೆನ್ನು ನೋಡಿಕೊಂಡು ಕೆಲಸ ಮಾಡಿದರೆ ಸಂಬಂಧ ತಾನಾಗಿಯೇ ಕುದುರಿಕೊಳ್ಳುತ್ತದೆ.

ಅಣ್ಣನ ನಿದ್ದೆ ಅಂತಿಂಥ ನಿದ್ದೆಯಲ್ಲ. ಡಿಪೋದ ಬೆಂಚಿನ ಮೇಲೆ ಕಾಲು ಚಾಚಿದರೆಂದರೆ ಮುಗಿಯಿತು, ಪಕ್ಕದಲ್ಲೇ ಮೆಕ್ಯಾನಿಕ್ಕುಗಳು ಚಕ್ರ ಬಿಚ್ಚಿ ನೆಲಕ್ಕೆ ಕೆಡವಿದರೂ ರೆಪ್ಪೆ ಅಲುಗುತ್ತಿರಲಿಲ್ಲ. ಇಂಥವರಿಗೆ ಮೊದಲ ಬಸ್ಸು ಕೊಟ್ಟ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಆ ಬಸ್ಸಿಗೆ ಕಾಯುವವರು ಆಸ್ಪತ್ರೆಯ ನರ್ಸುಗಳು, ಆಫೀಸು ಗುಡಿಸುವ ಹೆಂಗಸರು, ಮಾರುಕಟ್ಟೆಯಲ್ಲಿ ಮೂಟೆ ಹೊರುವವರು. ನಾವು ತಡವಾದರೆ ಅವರಿಗೆಲ್ಲ ಬೈಗುಳ. ಆದರೂ ಅಣ್ಣ ಒಂದು ದಿನವೂ ತಡ ಮಾಡಿದವರಲ್ಲ. ಅದರಲ್ಲಿ ಅವರ ಹೆಚ್ಚುಗಾರಿಕೆ ಏನೂ ಇರಲಿಲ್ಲ. ಎಲ್ಲ ಅವರ ಹೆಂಡತಿಯದು, ಅಂದರೆ ನಮ್ಮ ಅತ್ತಿಗೆಯದು.

ಅತ್ತಿಗೆ ಗಂಡನನ್ನು ಹಾಡಿ ಎಬ್ಬಿಸುತ್ತಿದ್ದರು. ಹಾಡು ಅವರೇ ಕಟ್ಟಿದ್ದು, ರಾಗವೂ ಅವರದೇ. ರಾಗ ಅಂತ ನಾನು ಮರ್ಯಾದೆಗೆ ಹೇಳುತ್ತಿದ್ದೇನೆ, ಅಷ್ಟೆ.

ಏಳಿ ಏಳಿ ದೊರೆಯೇ, ಎದ್ದು ಮುಖ ತೊಳೆಯಿರಿ,
ಬಸ್ಸು ಇನ್ನೂ ಮಲಗಿದೆ, ಹೋಗಿ ಅದನು ಎಬ್ಬಿಸಿ.

ಇಷ್ಟೇ ಹಾಡು. ದೊರೆ ಏಳುವ ತನಕ ಇದೇ ಎರಡು ಸಾಲು, ಪ್ರತಿ ಸಲಕ್ಕೂ ದನಿ ಒಂದು ಮೆಟ್ಟಿಲು ಮೇಲೆ. ಕೊನೆಗೆ ನಮ್ಮ ಸಾಲುಮನೆಯವರೆಲ್ಲ ಎದ್ದಿರುತ್ತಿದ್ದರು, ಅಣ್ಣನೂ ಎದ್ದಿರುತ್ತಿದ್ದರು. ಮಕ್ಕಳಿಲ್ಲದ ಮನೆ. ಬಾಯಿ ತುಂಬ ಮಾತಾಡಲು, ಬೈಯಲು, ಮುದ್ದು ಮಾಡಲು ಅತ್ತಿಗೆಗೆ ಇದ್ದದ್ದು ಆ ಒಬ್ಬ ಗಂಡಸು. ಬೆಳಗಿನ ಹಾಡಿನಲ್ಲಿ ಮೂರೂ ಇರುತ್ತಿತ್ತು.

ಆ ದನಿಗೇ ಕಣ್ಣು ಬಿತ್ತು. ಮೊದಲು ಗೊಗ್ಗರಾಯಿತು. ನೆಗಡಿ ಇರಬೇಕು ಅಂದುಕೊಂಡು ಬಿಸಿನೀರು ಕುಡಿದರು. ನೆಗಡಿ ಹೋದರೂ ಗೊಗ್ಗರು ಹೋಗಲಿಲ್ಲ. ಆಸ್ಪತ್ರೆಗೆ ನಮ್ಮ ಬಸ್ಸಿನಲ್ಲೇ ಹೋಗಿ ಬರುತ್ತಿದ್ದರು, ಡ್ರೈವರ್ ಸೀಟಿನ ಹಿಂದಿನ ಕಿಟಕಿಯ ಪಕ್ಕ ಕೂತು. ನಾನು ಬಸ್ಸಿನ ತಗಡಿಗೆ ಒಂದು ಸಲ ತಟ್ಟಿದರೆ ಅಣ್ಣ ನಿಲ್ಲಿಸುವುದು, ಎರಡು ಸಲ ತಟ್ಟಿದರೆ ಹೊರಡುವುದು. ಅದನ್ನು ನೋಡಿ ಅತ್ತಿಗೆಗೆ ಭಾರಿ ತಮಾಷೆ.

"ಅಲ್ಲಮ್ಮಾ, ನಾನು ಗಂಟಲು ಹರ್ಕೊಂಡ್ರೂ ಏಳದ ಮನುಷ್ಯ, ನೀನು ಬೆರಳಲ್ಲಿ ತಟ್ಟಿದ್ರೆ ಕುಣೀತಾರಲ್ಲ!"

"ಅದು ಸಂಬಳದ ತಟ್ಟು ಅತ್ತಿಗೆ, ಅದಕ್ಕೇ" ಅಂದೆ. ಇಬ್ಬರೂ ನಕ್ಕೆವು. ಅವರ ನಗು ಆಗಲೇ ಕೆಮ್ಮಿನಲ್ಲಿ ಮುಗಿಯುತ್ತಿತ್ತು.

ಗಂಟಲೊಳಗಿನ ದನಿಪೆಟ್ಟಿಗೆಯನ್ನೇ ತೆಗೆಯಬೇಕು ಅಂದರು ಡಾಕ್ಟರು. ತೆಗೆದರೆ ಜೀವ ಉಳಿಯಬಹುದು, ಮಾತು ಉಳಿಯುವುದಿಲ್ಲ. ಅವತ್ತು ಅಣ್ಣ ಡಿಪೋದ ನಲ್ಲಿಯ ಹತ್ತಿರ ಮುಖ ತೊಳೆಯುತ್ತ ತೊಳೆಯುತ್ತ ಬಹಳ ಹೊತ್ತು ನಿಂತರು. ಆಮೇಲೆ ಒದ್ದೆ ಕೈಯಲ್ಲೇ ಫೋನು ನನ್ನ ಮುಂದೆ ಹಿಡಿದರು.

"ಇದ್ರಲ್ಲಿ ಅವಳ ಹಾಡು ಇಟ್ಕೋಬಹುದೇನಮ್ಮಾ? ಅಲಾರಂ ತರ?"

ಆಸ್ಪತ್ರೆಗೆ ಸೇರಿಸುವ ಮುಂಚಿನ ಮಧ್ಯಾಹ್ನ ನಾವು ಮೂವರೂ ಅವರ ಅಡುಗೆಮನೆಯಲ್ಲಿ ಸೇರಿದೆವು. ಸದ್ದಾಗದಿರಲಿ ಅಂತ ನಲ್ಲಿ ಬಿಗಿಮಾಡಿದೆವು, ಫ್ಯಾನು ನಿಲ್ಲಿಸಿದೆವು, ಕಿಟಕಿ ಹಾಕಿದೆವು. ಅತ್ತಿಗೆ ಕೂದಲು ಬಾಚಿ, ಸೆರಗು ಸರಿಮಾಡಿಕೊಂಡು ಕೂತರು. "ಫೋಟೋ ಅಲ್ಲ ಕಣೇ, ಬರೀ ದನಿ" ಅಂದರು ಅಣ್ಣ. "ಇರ್ಲಿ ಬಿಡ್ರೀ, ದನಿಗೂ ಒಂದು ಮರ್ಯಾದೆ ಬೇಡ್ವಾ" ಅಂದರು ಅತ್ತಿಗೆ. ನಾನು ಕೆಂಪು ಗುಂಡಿ ಒತ್ತಿದೆ. ಅವರು ಗಂಟಲು ಸರಿಮಾಡಿಕೊಂಡು, ನನ್ನ ಕಡೆ ನೋಡಿ, "ಶುರುವಾಯ್ತಾ?" ಅಂದರು. ಆಮೇಲೆ ಹಾಡಿದರು. ಒಡೆದ ದನಿ. ಮೇಲಿನ ಮೆಟ್ಟಿಲು ಹತ್ತಲಾಗದೆ ಕೆಳಗೇ ನಿಂತು ಹಾಡಿದರು.

ಅದನ್ನು ಅಲಾರಂ ಮಾಡುವಷ್ಟರಲ್ಲಿ ನನಗೆ ಸಾಕುಬೇಕಾಯಿತು. ಆ ಫೋನಿಗೆ ತನ್ನದೇ ಹಕ್ಕಿ ಚಿಲಿಪಿಲಿ, ಗಂಟೆ, ಗಿಟಾರು ಬಿಟ್ಟರೆ ಬೇರೆ ಯಾವುದೂ ರುಚಿಸದು. ಎಲ್ಲೆಲ್ಲೋ ಒತ್ತಿ ಗೆದ್ದೆ ಅಂದುಕೊಂಡೆ. ಸರಿ, ಪರೀಕ್ಷೆ ಮಾಡೋಣ ಅನ್ನುವಾಗಲೇ ಡಿಪೋ ಮ್ಯಾನೇಜರ್ ಅಣ್ಣನಿಗೆ ಫೋನು ಮಾಡಿದರು. ಫೋನು "ಶುರುವಾಯ್ತಾ? ಏಳಿ ಏಳಿ ದೊರೆಯೇ" ಅಂತ ಹಾಡಿತು. ನಾನು ಅದನ್ನು ಕರೆ ಬಂದಾಗ ಬಡಿದುಕೊಳ್ಳುವ ಸದ್ದು ಮಾಡಿಬಿಟ್ಟಿದ್ದೆ! ಅತ್ತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ದನಿಯೆತ್ತಿ ನಕ್ಕಿದ್ದನ್ನು ನಾನು ಕೇಳಿದ್ದು ಅದೇ ಕೊನೆ. ಆಮೇಲೆ ಗಡಿಯಾರದೊಳಗೆ ಹೋಗಿ, ಅಲಾರಂ ಹುಡುಕಿ, ಅದರ ಸದ್ದಿನ ಪಟ್ಟಿಯ ತಳದಲ್ಲಿ "ಫೋನಿನಿಂದ ಆರಿಸಿ" ಅನ್ನುವುದನ್ನು ಕಂಡುಹಿಡಿದು ಸರಿಮಾಡಿದೆ. ಮೊದಲಿನ "ಶುರುವಾಯ್ತಾ" ಕತ್ತರಿಸಲಾ ಅಂತ ಕೇಳಿದ್ದಕ್ಕೆ ಅಣ್ಣ ಫೋನು ಕಿತ್ತುಕೊಂಡರು.

ಅತ್ತಿಗೆ ಬದುಕಿ ಮನೆಗೆ ಬಂದರು. ಕತ್ತಿನಲ್ಲೊಂದು ತೂತು, ಅದರ ಮೇಲೊಂದು ತೆಳು ಬಟ್ಟೆ. ಬಾಯಿ ಅಲ್ಲಾಡುತ್ತಿತ್ತು, ಮಾತು ಬರುತ್ತಿರಲಿಲ್ಲ. ರಜೆ ಮುಗಿಸಿ ಕೆಲಸಕ್ಕೆ ಬಂದ ಮೊದಲ ದಿನ ಅಣ್ಣನ ಮುಖ ಅರಳಿತ್ತು. "ಹಾಡ್ತಮ್ಮಾ! ಥೇಟ್ ಅವಳೇ ನಿಂತು ಕೂಗಿದ ಹಾಗೆ!" ಎಂದು ಬಸ್ಸು ಹತ್ತಿದ ನರ್ಸುಗಳಿಗೂ ಕೇಳಿಸಿದರು.

ನಾಲ್ಕು ದಿನ ಕಳೆದಿರಬೇಕು, ಅಣ್ಣ ಫೋನು ತಂದು ನನ್ನ ಕೈಗೆ ತುರುಕಿದರು.

"ಇದು ಇವತ್ತು ಹಾಡಲೇ ಇಲ್ಲ."

ನೋಡಿದೆ. ಅಲಾರಂ ಆಫ್ ಆಗಿತ್ತು. ಆನ್ ಮಾಡಿಕೊಟ್ಟೆ. ಮರುದಿನ ಮತ್ತೆ ಆಫ್. "ನಿದ್ದೆಗಣ್ಣಲ್ಲಿ ನೀವೇ ಒತ್ತಿರ್ತೀರಿ, ಫೋನಿನ ಮೇಲ್ಯಾಕೆ ಗೂಬೆ ಕೂರಿಸ್ತೀರಾ" ಅಂತ ರೇಗಿದೆ. ಮೂರನೆಯ ಸಲಕ್ಕೆ ನನಗೇ ಒಂದು ಅನುಮಾನ ಬಂತು. ಅಲಾರಂ ಹಾಡದಿದ್ದರೂ ಈ ಕುಂಭಕರ್ಣ ಹೊತ್ತಿಗೆ ಸರಿಯಾಗಿ ಬರುತ್ತಿರುವುದು ಹೇಗೆ?

"ಅವಳು ಎಬ್ಬಿಸ್ತಾಳೆ" ಅಂದರು ಅಣ್ಣ. "ಮಂಚಕ್ಕೆ ತಟ್ಟಿ."

ಕಬ್ಬಿಣದ ಮಂಚ ಅವರದು. ಅತ್ತಿಗೆ ಕಾಲಿನ ಕಡೆಯ ಸರಳಿಗೆ ಬೆರಳ ಗೆಣ್ಣಿನಿಂದ ತಟ್ಟುತ್ತಿದ್ದರಂತೆ. ನನ್ನ ಹಾಗೆ ಬರೀ ಎರಡು ತಟ್ಟಲ್ಲ. ಆ ಹಾಡಿನ ತಾಳವೇ, ಎರಡು ಸಾಲಿಗೂ, ಕೊನೆಯಲ್ಲಿ ಜೋರಾಗಿ ಒಂದು. ಅದು ಕಿವಿಗೆ ಬಿದ್ದದ್ದೇ ಅಣ್ಣ ಧಡಕ್ಕನೆ ಎದ್ದು ಕೂರುತ್ತಿದ್ದರು.

ಒಂದು ದಿನ ಅಣ್ಣ ಎಚ್ಚರವಾಗಿದ್ದೂ ಕಣ್ಣು ಮುಚ್ಚಿ ಮಲಗಿದರು. ಅಲಾರಮ್ಮಿಗಿಂತ ಮೊದಲೇ ಅತ್ತಿಗೆ ಎದ್ದರು. ದಿಂಬಿನ ಪಕ್ಕದ ಫೋನು ತೆಗೆದುಕೊಂಡು, ಅಲಾರಂ ಆಫ್ ಮಾಡಿ, ಇದ್ದಲ್ಲೇ ಇಟ್ಟರು. ಆಮೇಲೆ ಮಂಚದ ಕಾಲಿನ ಕಡೆ ಹೋಗಿ ಕೂತರು.

"ನಿನ್ನ ಹಾಡೇ ಅಲ್ವೇನೇ ಅದು, ಅದರ ಮೇಲ್ಯಾಕೆ ಸಿಟ್ಟು ಅಂದೆ. ಮುಖ ತಿರುಗಿಸ್ಕೊಂಡು ಅಳ್ತಾಳೆ. ನೀನೇ ಬಂದು ಕೇಳಮ್ಮಾ" ಅಂದರು.

ಪಾಳಿ ಮುಗಿಸಿ ಹೋದೆ. ಅತ್ತಿಗೆ ಬಟ್ಟೆ ಮಡಚುತ್ತ ಕೂತಿದ್ದರು. ಫೋನು ತೋರಿಸಿ, ಯಾಕೆ ಅಂತ ಕೈಯಾಡಿಸಿದೆ. ಅವರಿಗೆ ಕಿವಿ ಚೆನ್ನಾಗೇ ಕೇಳುತ್ತಿತ್ತು, ಮೂಕಿಯಾಗಿದ್ದು ನಾನು. ಅವರು ಫೋನಿಗೆ ಬೆರಳು ತೋರಿಸಿದರು. ಕಣ್ಣು ಮುಚ್ಚಿ, ಕತ್ತು ವಾಲಿಸಿ, ಸತ್ತವರ ಹಾಗೆ ಮಾಡಿ ತೋರಿಸಿದರು. ಆಮೇಲೆ ಕಣ್ಣು ಬಿಟ್ಟು ತಮ್ಮ ಎದೆಯನ್ನು ಅಂಗೈಯಲ್ಲಿ ಬಡಿದುಕೊಂಡರು, ಒಂದಲ್ಲ, ನಾಲ್ಕೈದು ಸಲ. ಬಾಯಿ ಅಲ್ಲಾಡುತ್ತಿತ್ತು. ದನಿಯಿಲ್ಲದಿದ್ದರೂ ನನಗೆ ತಿಳಿಯಿತು. ನಾನಿನ್ನೂ ಇದ್ದೀನಲ್ಲ, ಅನ್ನುತ್ತಿದ್ದರು.

ಹೊರಗೆ ಬಂದು ಅಣ್ಣನಿಗೆ ಚೆನ್ನಾಗಿ ಬೈದೆ. "ಹೆಂಡ್ತಿ ಪಕ್ಕದಲ್ಲೇ ಮಲಗಿರುವಾಗ ಪೆಟ್ಟಿಗೆಯೊಳಗಿನ ಹೆಂಡ್ತಿ ಕೈಲಿ ಏಳ್ತೀರಾ? ಗಂಡನ್ನ ಎಬ್ಬಿಸೋದು ಅವರ ಕೆಲಸ. ಮಾತು ಹೋಯ್ತು ಅಂತ ಅದನ್ನೂ ಕಿತ್ಕೋಬೇಕಾ?" ಅಣ್ಣ ತಲೆ ತಗ್ಗಿಸಿ ಕೇಳಿಸಿಕೊಂಡರು. ಅವತ್ತಿನಿಂದ ಅಲಾರಂ ಆಫಾಗೇ ಉಳಿಯಿತು.

ಆಮೇಲಿನ ಎರಡು ವರ್ಷ ಒಳ್ಳೆಯವು. ನಮ್ಮ ಸಾಲುಮನೆಯವರು ಹಾಡಿನ ಬದಲು ಮಂಚದ ಸದ್ದಿಗೆ ಏಳತೊಡಗಿದೆವು. ಕೆಳಗಿನಿಂದ ಮೇಲಕ್ಕೆ ಮೆಟ್ಟಿಲು ಹತ್ತುವ ಅಭ್ಯಾಸ ಅದರಲ್ಲೂ ಇತ್ತು. ಮೊದಲು ಮೆಲ್ಲಗೆ, ಆಮೇಲೆ ಜೋರು, ಕೊನೆಗೆ ಮಂಚವೇ ಮುರಿದು ಬೀಳುವ ಹಾಗೆ. ಬೈಗುಳ ಯಾವುದು, ಮುದ್ದು ಯಾವುದು ಅಂತ ಗೋಡೆಯಾಚೆಗೂ ತಿಳಿಯುತ್ತಿತ್ತು. "ಮನೇಲಿ ಒಬ್ಬಳು ತಟ್ಟುತ್ತಾಳೆ, ಇಲ್ಲಿ ನೀನು ತಟ್ಟುತ್ತೀಯ, ನನ್ನ ಬಾಳೇ ತಟ್ಟಿಸಿಕೊಳ್ಳೋದಾಯ್ತು" ಎಂದು ಅಣ್ಣ ಕೊಚ್ಚಿಕೊಳ್ಳುತ್ತಿದ್ದರು. ದೂರುವ ಹಾಗೆ ಹೇಳುತ್ತಿದ್ದರೂ ಅದು ಜಂಬವೇ.

ಕಾಯಿಲೆ ಮರುಕಳಿಸಿತು. ಈ ಸಲ ಎದೆಗೆ ಇಳಿದಿತ್ತು, ತೆಗೆಯಲು ಆಗುವಂಥದ್ದಲ್ಲ. ಕೊನೆಯ ವಾರಗಳಲ್ಲೂ ಅತ್ತಿಗೆ ಮಲಗಿದ್ದಲ್ಲಿಂದಲೇ ಕೈ ಚಾಚಿ ತಲೆಯ ಕಡೆಯ ಸರಳಿಗೆ ತಟ್ಟುತ್ತಿದ್ದರು. ನಮಗೆ ಕೇಳಿಸದಷ್ಟು ಮೆಲ್ಲಗೆ. ಅಣ್ಣನಿಗೆ ಮಾತ್ರ ಕೇಳಿಸುತ್ತಿತ್ತು. ಚಕ್ರ ಕೆಡವಿದರೂ ಏಳದಿದ್ದ ಮನುಷ್ಯ ಆ ಸದ್ದಿಗೆ ಏಳುತ್ತಿದ್ದರು. ಅತ್ತಿಗೆ ಹೋದರು.

ಕೆಲಸಕ್ಕೆ ಮರಳುವ ಹಿಂದಿನ ದಿನ ಅಣ್ಣ ನಮ್ಮ ಬಾಗಿಲಿಗೆ ಬಂದು ಫೋನು ಚಾಚಿದರು. ನಾನು ಅಲಾರಂ ಆನ್ ಮಾಡಿಕೊಟ್ಟೆ.

ಮಾರನೆಯ ಬೆಳಿಗ್ಗೆ ಡಿಪೋದಲ್ಲಿ ಬಸ್ಸು ಇತ್ತು, ನಾನಿದ್ದೆ, ಅಣ್ಣ ಇರಲಿಲ್ಲ. ಹೊರಡುವ ಹೊತ್ತು ಹತ್ತಿರವಾಗುತ್ತಿತ್ತು. ಫೋನು ಮಾಡಿದರೆ ಎತ್ತಲಿಲ್ಲ. ಮೆಕ್ಯಾನಿಕ್ಕಿನ ಬೈಕು ಕೇಳಿ ಪಡೆದು ಮನೆಗೆ ಓಡಿದೆ. ಬೀದಿಯ ತಿರುವಿನಲ್ಲೇ ಅತ್ತಿಗೆಯ ದನಿ ಕೇಳಿಸಿತು. "ಏಳಿ ಏಳಿ ದೊರೆಯೇ" ಎನ್ನುತ್ತಿದ್ದರು, ಅದೇ ಒಡೆದ ದನಿಯಲ್ಲಿ. ಅಕ್ಕಪಕ್ಕದವರು ಬಾಗಿಲು ತೆರೆದು ನಿಂತಿದ್ದರು. ಒಳಗೆ ಹೋಗುವ ಧೈರ್ಯ ಯಾರೂ ಮಾಡಿರಲಿಲ್ಲ.

ಅಣ್ಣನ ಬಾಗಿಲು ಚಿಲಕ ಹಾಕದೆ ಸುಮ್ಮನೆ ಮುಂದಕ್ಕೆಳೆದಿತ್ತು. ಒಳಗೆ ಹೋದೆ. ಮಂಚದ ಮೇಲೆ ಅಂಗಾತ ಮಲಗಿದ್ದರು, ಕಣ್ಣು ಮುಚ್ಚಿ. ಮುಖ ತೊಳೆದಾಗಿತ್ತು, ಖಾಕಿ ಅಂಗಿ ಹಾಕಿಯಾಗಿತ್ತು, ಗುಂಡಿಯೂ ಹಾಕಿಯಾಗಿತ್ತು. ಕಣ್ಣಂಚಿನಿಂದ ನೀರು ಕಿವಿಯ ಕಡೆ ಇಳಿಯುತ್ತಿತ್ತು. ಫೋನು ಹಾಡಿ ಹಾಡಿ ನಿಂತಿತು.

"ಅಣ್ಣಾ, ಎದ್ದೇ ಇದ್ದೀರಲ್ಲ. ಹಾಡು ಕೇಳಿಸ್ಲಿಲ್ವಾ?"

"ಕೇಳಿಸ್ತಮ್ಮಾ" ಅಂದರು, ಕಣ್ಣು ತೆರೆಯದೆ. "ಇದು ಹಳೇದು. ಈಗೆಲ್ಲ ಅವಳು ಹೀಗೆ ಎಬ್ಬಿಸ್ತಿರ್ಲಿಲ್ಲ. ತಟ್ಟಿದ ಮೇಲೆ ಏಳೋಣ ಅಂತ ಬಂದು ಮಲ್ಕೊಂಡೆ."

ನಾನು ಮಂಚದ ಪಕ್ಕ ನೆಲದ ಮೇಲೆ ಕೂತೆ.

"ಅದನ್ನೂ ಫೋನಿಗೆ ಹಾಕಿಸ್ಕೋಬೇಕಿತ್ತು" ಅಂದರು. "ದಿನಾ ಕೇಳ್ತಿದ್ನಲ್ಲ, ಹೊಳೀಲೇ ಇಲ್ಲ. ನೀನು ಕೇಳಿದ್ದೀಯಲ್ಲ, ಒಂದ್ಸಲ ತಟ್ಟಮ್ಮಾ, ನೋಡೋಣ."

ಮಂಚದ ಕಾಲಿನ ಕಡೆ ಹೋಗಿ ನಿಂತೆ. ಗೆಣ್ಣು ಮಡಚಿ ಸರಳಿಗೆ ತಟ್ಟಿದೆ. ಹಾಡಿನ ತಾಳ ನನಗೆ ಬಾಯಿಪಾಠವಿತ್ತು, ಕೈಗೆ ಮಾತ್ರ ಬಸ್ಸಿನ ತಟ್ಟೇ ರೂಢಿ. ಎರಡು ಸಲ ಟಕ್ ಟಕ್ ಅಂದು ನಿಂತುಹೋಯಿತು. ಅಣ್ಣ ಮಲಗಿದ್ದಲ್ಲೇ ತಲೆಯಾಡಿಸಿದರು. "ಅದಲ್ಲ." ಮತ್ತೆ ತಟ್ಟಿದೆ. "ಅದಲ್ಲಮ್ಮಾ." ಆಮೇಲೆ ತಾವೇ ಎದ್ದು ಕೂತು, ಸರಳಿಗೆ ತಟ್ಟಿ ನೋಡಿದರು. ಅವರಿಗೂ ಬರಲಿಲ್ಲ. ಎರಡು ವರ್ಷ ಕಿವಿಯಿಂದ ಕೇಳಿದ್ದರೇ ಹೊರತು ಕೈಯಿಂದ ಒಂದು ಸಲವೂ ತಟ್ಟಿರಲಿಲ್ಲ. ಮುಷ್ಟಿಯನ್ನು ಸರಳಿನ ಮೇಲೇ ಇಟ್ಟುಕೊಂಡು ಅಳತೊಡಗಿದರು. ಅಷ್ಟರಲ್ಲಿ ಅಲಾರಂ ಮತ್ತೆ ಬಡಿದುಕೊಂಡಿತು.

"ಶುರುವಾಯ್ತಾ?" ಅಂದರು ಅತ್ತಿಗೆ.

"ಎದ್ದೆ ಕಣೇ" ಅಂದರು ಅಣ್ಣ. ಫೋನು ಎತ್ತಿಕೊಂಡು, ಎರಡು ಸಾಲೂ ಮುಗಿಯುವ ತನಕ ಕಾದು, ಆಮೇಲೆ ನಿಲ್ಲಿಸಿದರು.

ಅವತ್ತು ಮೊದಲ ಬಸ್ಸು ತಡವಾಯಿತು. ನರ್ಸುಗಳೂ ಮೂಟೆಯವರೂ ಯಾರೂ ಒಂದು ಮಾತು ಆಡಲಿಲ್ಲ, ಎಲ್ಲರಿಗೂ ವಿಷಯ ತಿಳಿದಿತ್ತು. ಎಲ್ಲರೂ ಹತ್ತಿದ ಮೇಲೆ ನಾನು ಅಭ್ಯಾಸಬಲದಿಂದ ತಗಡಿಗೆ ಎರಡು ಸಲ ತಟ್ಟಿದೆ. ಬಸ್ಸು ಕದಲಲಿಲ್ಲ. ಕನ್ನಡಿಯಲ್ಲಿ ನೋಡಿದೆ. ಗೇರಿನ ಮೇಲೆ ಕೈ ಇಟ್ಟುಕೊಂಡು, ತಲೆ ಸ್ವಲ್ಪ ವಾಲಿಸಿ, ಅಣ್ಣ ಮುಂದಿನ ತಟ್ಟಿಗೆ ಕಾಯುತ್ತಿದ್ದರು.

"ರೈಟ್ ಅಣ್ಣಾ, ಹೋಗೋಣ" ಅಂತ ಬಾಯಲ್ಲೇ ಕೂಗಿದೆ. ಬಸ್ಸು ಹೊರಟಿತು. ಅವತ್ತಿನಿಂದ ನಾನು ಆ ಬಸ್ಸಿಗೆ ತಟ್ಟಿಲ್ಲ.