ಮೂರನೇ ಮೆಟ್ಟಿಲು

ಬೆಳಕು ಹರಿಯುವ ಮೊದಲೇ ಅವಳು ನೀರು ತುಂಬಿಸಿ, ನಿನ್ನೆಯ ಪಾತ್ರೆ ತೊಳೆದು, ಒಲೆ ಹಚ್ಚಿ, ಅತ್ತೆಯ ಮಾತ್ರೆ ತೆಗೆದಿಟ್ಟು, ಮಗಳಿಗೆ ಎರಡು ಜಡೆ ಹೆಣೆದು, ಮೂರು ಡಬ್ಬಿಗೆ ಊಟ ತುಂಬಿರುತ್ತಾಳೆ. ಆಮೇಲೆ ಗಂಡ ಎದ್ದು, "ನನ್ನ ಟವೆಲ್ ಎಲ್ಲೇ?" ಅನ್ನುತ್ತಾನೆ. ಅವಳೇ ಮಡಿಸಿಟ್ಟ ಟವೆಲ್ಲು ಅವನ ಮೂಗಿನ ಮುಂದಿರುತ್ತದೆ.

ಹೊಸ ಕಟ್ಟಡಗಳಲ್ಲಿ ಗಾರೆಯವರು ಬಿಟ್ಟುಹೋದ ಸಿಮೆಂಟಿನ ಕಲೆ ತೆಗೆಯುವುದು ಅವಳ ಕೆಲಸ. ಹದಿನಾರು ವರ್ಷವಾಯಿತು; ಎಲ್ಲರಿಗೂ ಅವಳು 'ಆಸಿಡ್ ಅಕ್ಕ'. ಆಸಿಡ್ಡಿನ ಗುಣವನ್ನು ಅವಳು ಕಲಿತದ್ದು ಮಾತ್ರ ಅಡುಗೆಮನೆಯಲ್ಲಿ. ನೀರು ಕಾಯಿಸುವ ಪಾತ್ರೆಯ ತಳದ ಬಿಳಿ ಪದರಕ್ಕೆ ನೀರು ಬೆರೆಸಿದ ನಿಂಬೆರಸ ಹಾಕಿದರೆ ಒಂದೊಂದೇ ಗುಳ್ಳೆ. ಬರೀ ರಸ ಹಿಂಡಿದರೆ ಬುಸುಬುಸು ನೊರೆ. ಅಮೃತಶಿಲೆಯೂ ಆ ಪದರದ ಜಾತಿಯದೇ. ಆಸಿಡ್ ಗಟ್ಟಿಯಾದಷ್ಟೂ ಕಲ್ಲನ್ನು ಕಚ್ಚುವ ಬಾಯಿಗಳು ಹೆಚ್ಚು. ಅದಕ್ಕೇ ಅವಳು ಅಮೃತಶಿಲೆಯನ್ನು ಮೊದಲು ಬ್ಲೇಡಿನಿಂದ ಕೆರೆಯುತ್ತಾಳೆ. ಕೊನೆಗೆ ಬೇಕೇ ಬೇಕೆಂದರೆ ಬಕೆಟ್ ನೀರಿಗೆ ಒಂದು ಮುಚ್ಚಳ ಆಸಿಡ್, ಹತ್ತು ಎಣಿಸುವಷ್ಟರಲ್ಲಿ ತೊಳೆದುಬಿಡುವುದು.

ಆ ದಿನ ಅಮೃತಶಿಲೆಯ ಹನ್ನೆರಡು ಮೆಟ್ಟಿಲಿತ್ತು. ಹತ್ತು ಗಂಟೆಗೆ ಕಟ್ಟಡದ ಯಜಮಾನರು ನೋಡಲು ಬರುವವರಿದ್ದರು. ಕೆಲಸ ಮೆಚ್ಚಿದರೆ ಈ ಕಟ್ಟಡದಲ್ಲೇ ಅವಳಿಗೆ ಕಾಯಂ ಕೆಲಸ. ಎರಡು ಮೆಟ್ಟಿಲು ಮುಗಿಸಿ ಅವಳು ನೀರು ತರಲು ಹೋದಾಗ, ಅವಸರಕ್ಕೆ ಬಿದ್ದ ಸೂಪರ್‌ವೈಸರ್ ಮೂರನೆಯದಕ್ಕೆ ಕ್ಯಾನಿನಿಂದಲೇ ಆಸಿಡ್ ಸುರಿದುಬಿಟ್ಟ. ಅವಳು ಓಡಿಬಂದು ಬಕೆಟ್ ಮಗುಚುವಷ್ಟರಲ್ಲಿ ನೊರೆ ಉಕ್ಕಿತ್ತು, ಹೊಗೆ ಎದ್ದಿತ್ತು.

"ಕಲೆ ಹೋಯ್ತಲ್ಲ ಅಕ್ಕ!"

"ಹೋಯ್ತು ಸರ್. ಜೊತೆಗೆ ಕಲ್ಲೂ ಹೋಯ್ತು."

ಹೊಳಪೇ ಇರಲಿಲ್ಲ. ಮುಟ್ಟಿದರೆ ಕೈಗೆ ತರಿತರಿ. ಅವನು ಬೆವರೊರೆಸಿಕೊಂಡ.

"ಮುಗಿಸಿದ ಎರಡಕ್ಕೂ, ಉಳಿದ ಎಲ್ಲದಕ್ಕೂ ಹೀಗೇ ಸುರಿದುಬಿಡಿ. ಒಂದು ಮಂಕಾದ್ರೆ ತಪ್ಪು ಅಂತಾರೆ. ಎಲ್ಲಾ ಮಂಕಾದ್ರೆ ಕಲ್ಲೇ ಅಷ್ಟು ಅಂತಾರೆ."

"ಒಳ್ಳೇ ಕಲ್ಲನ್ನ ಕೈಯಾರೆ ಸುಡೋದಾ? ನಾನು ನೀರು ಬೆರೆಸ್ತೀನಿ."

"ನಿಮ್ಮ ನೀರಾಸಿಡ್‌ನಿಂದ ಕಲ್ಲು ಇಷ್ಟು ಮಂಕಾಗೋಕೆ ನಾಳೆ ಆಗುತ್ತೆ! ನೋಡಿ, ಯಾರಾದ್ರೂ ಕೇಳಿದ್ರೆ ನಾನಂತೂ ಸುರಿದಿಲ್ಲ. ಇಲ್ಲಿ ಆಸಿಡ್ ಅಕ್ಕ ಅಂತ ಕರೆಯೋದು ನನ್ನನ್ನಲ್ಲ."

ಮೂರನೇ ಮೆಟ್ಟಿಲ ಮೇಲೆ ಒದ್ದೆ ಗೋಣಿಚೀಲ ಎಳೆದು ಮುಚ್ಚಿ ಅವನು ಗೇಟಿನತ್ತ ನಡೆದ.

ಒಂಬತ್ತೂ ಕಾಲು. ಅವಳು ಕ್ಯಾನಿನ ಮುಚ್ಚಳ ತೆಗೆದಳು. ಘಾಟು ಮೂಗಿಗೆ ಬಡಿಯಿತು. ಅತ್ತೆ ಮರೆತು ಎರಡು ಸಲ ಉಪ್ಪು ಹಾಕಿದ ದಿನವೂ ಕೈ ತಪ್ಪಿದ್ದು ತನ್ನದೇ ಎಂದು ಒಪ್ಪಿಕೊಂಡವಳು ಅವಳು. ಇಲ್ಲೂ ಹಾಗೇ ಒಪ್ಪಿಕೊಂಡು ಅವನು ಹೇಳಿದಂತೆ ಸುರಿಯಬಹುದಿತ್ತು, ಹನ್ನೊಂದು ಮೆಟ್ಟಿಲಿಗೆ ಹನ್ನೊಂದು ನಿಮಿಷ ಸಾಕಿತ್ತು. ಬಗ್ಗಿ ಕ್ಯಾನ್ ವಾಲಿಸಿದಳು. ನಾಲ್ಕನೇ ಮೆಟ್ಟಿಲಿನ ಕಲೆಗಳ ನಡುವಿನ ಹೊಳಪಿನಲ್ಲಿ ಅವಳ ಮುಖವೇ ಕಾಣುತ್ತಿತ್ತು.

ಒಂದು ಹನಿಯೂ ಬೀಳುವ ಮೊದಲೇ ಕ್ಯಾನ್ ನೆಟ್ಟಗೆ ಮಾಡಿ, ಮುಚ್ಚಳ ತಿರುವಿ ಬಿಗಿ ಮಾಡಿದಳು. ಬ್ಲೇಡ್ ಹಿಡಿದು ನಾಲ್ಕನೆಯದರ ಮುಂದೆ ಮಂಡಿಯೂರಿದಳು. ಆರನೆಯದು ಕೆರೆಯುತ್ತಿದ್ದಾಗ ಗೇಟಿನಲ್ಲಿ ಕಾರಿನ ಸದ್ದಾಯಿತು. ಎದ್ದು ಮೂರು ಮೆಟ್ಟಿಲು ಇಳಿದು, ಗೋಣಿಚೀಲವನ್ನು ಎಳೆದು ಪಕ್ಕಕ್ಕೆ ಹಾಕಿದಳು.