ಬಾಗಿಲಿಗೆ ಹಿಡಿಸದ ಮೇಜು

ನಮ್ಮ ಮನೆಯವರು ಟೈಲರ್ ಆಗಿದ್ದರು. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಬಾಡಿಗೆ ಅಂಗಡಿ. ಅಗಲ ಕಡಿಮೆ, ಉದ್ದ ಜಾಸ್ತಿ, ಕಿಟಕಿ ಇಲ್ಲ. ಮುಕ್ಕಾಲು ಅಂಗಡಿಯನ್ನು ಬಟ್ಟೆ ಕತ್ತರಿಸುವ ಮೇಜೇ ನುಂಗಿತ್ತು. ಅದನ್ನು ಅವರೇ ಅಂಗಡಿಯೊಳಗೆ ಕೂತು ಮಾಡಿದ್ದು, ನಮ್ಮ ಮದುವೆಯಾದ ಹೊಸತರಲ್ಲಿ. ಮೇಲೆ ಹಳೇ ಕಂಬಳಿ ಎಳೆದು ಸುತ್ತ ಮೊಳೆ ಹೊಡೆದಿದ್ದರು. ಮುಗಿಸಿ ನೋಡಿದರೆ ಅದು ಬಾಗಿಲಿಗಿಂತ ದೊಡ್ಡದು. ಬೀದಿಯವರೆಲ್ಲ ನಕ್ಕರು. ಕಂಡವರ ಸೊಂಟದ ಅಳತೆಯೆಲ್ಲ ಬಾಯಿಪಾಠ, ಬಾಗಿಲಿನ ಅಳತೆ ಮಾತ್ರ ಗೊತ್ತಿಲ್ಲ ಎಂದು ನಾನೂ ಆಡಿಕೊಂಡೆ. ಅವರು ಹೊಸ ಮೇಜಿನ ಮೇಲೆ ಬಟ್ಟೆ ಹಾಸಿ ಗುರುತು ಹಾಕತೊಡಗಿದರು.

ಮಾತು ಕಡಿಮೆ. ಗಿರಾಕಿ ದಪ್ಪಗಾಗಿದ್ದರೆ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ, ಬಟ್ಟೆ ಒಗೆದು ಕುಗ್ಗಿದೆ ಅನ್ನುತ್ತಿದ್ದರು. ಮಧ್ಯಾಹ್ನ ಆ ಮೇಜಿನ ಮೇಲೇ ಮಲಗುತ್ತಿದ್ದರು. ನಾನು ತುದಿಯಲ್ಲಿ ಕೂತು ಗುಂಡಿ ಹಾಕುತ್ತಿದ್ದೆ.

ಅಂಗಡಿ ಬಿಡಿ ಎಂದು ಮಾಲೀಕ ಎಷ್ಟೋ ಸಲ ಹೇಳಿದ್ದ. ಪ್ರತಿ ಸಲವೂ ಇವರದು ಒಂದೇ ಉತ್ತರ.

"ಮೊದಲು ಮೇಜು ಹೊರಗೆ ತಗೊಂಡ್ಹೋಗಿ ಸ್ವಾಮಿ, ಅದರ ಹಿಂದೇನೇ ನಾನೂ ಬರ್ತೀನಿ."

ಮಾಲೀಕ ನಕ್ಕು ಮತ್ತೆ ಕರಾರು ಬರೆದುಕೊಡುತ್ತಿದ್ದ.

ಹೋದ ವರ್ಷ ಕೆಮ್ಮು ಎಂದು ಆಸ್ಪತ್ರೆಗೆ ಹೋದವರು ವಾಪಸ್ ಬರಲಿಲ್ಲ.

ಕರಾರು ಅವರ ಹೆಸರಲ್ಲೇ ಇತ್ತು, ಬಾಡಿಗೆ ನನ್ನ ತಲೆಗೆ ಬಂತು. ಕೊನೆಗೆ ಕನ್ನಡಕ ಮಾರುವವನೊಬ್ಬ ಅಂಗಡಿ ಬೇಕು ಅಂದ. ಕರಾರು ಅವನ ಹೆಸರಿಗೆ ಮಾಡಿಕೊಡಲು ಮಾಲೀಕ ಒಪ್ಪಿದ. ಆದರೆ ಅಂಗಡಿ ಪೂರ್ತಿ ಖಾಲಿಯಾಗಬೇಕು, ಆಮೇಲೇ ಸಹಿ ಅಂದ.

ಹೊಲಿಗೆ ಮಿಷಿನ್ ಆಟೋದಲ್ಲಿ ಮನೆಗೆ ಬಂತು. ಮೇಜು ಉಳಿಯಿತು. ಕುಯ್ಯಿಸಲು ಮನಸ್ಸು ಬರಲಿಲ್ಲ. ನೀನೇ ಇಟ್ಟುಕೋಪ್ಪ, ದುಡ್ಡೇನೂ ಬೇಡ ಎಂದು ಕನ್ನಡಕದವನನ್ನು ಕೇಳಿದೆ. ಅವನು ಒಳ್ಳೆಯವನೇ. ಟೇಪು ಹಿಡಿದು ತೋರಿಸಿದ. ಅವನ ಗಾಜಿನ ಕಪಾಟು ಇಟ್ಟರೆ ಗಿರಾಕಿ ನಿಲ್ಲುವುದಕ್ಕೇ ಜಾಗವಿಲ್ಲ, ಇನ್ನು ಮೇಜೆಲ್ಲಿ.

ಬಡಗಿಯನ್ನು ಕರೆಸಿದೆ. ಗರಗಸ ತಂದಿದ್ದ. ನೋಡಲಾರದೆ ಹೊರಗೆ ಮೆಟ್ಟಿಲ ಮೇಲೆ ಕೂತೆ. ಕುಯ್ಯುವ ಸದ್ದೇ ಬರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವನೇ ಕರೆದ.

"ಇದನ್ಯಾಕೆ ಕುಯ್ಯೋದು ಅಕ್ಕ? ಬಿಚ್ಚಿದ್ರೆ ಆಯ್ತಲ್ಲ."

ಕಂಬಳಿ ಕಿತ್ತು ತೋರಿಸಿದ. ಹಲಗೆ ಒಂದಲ್ಲ, ಎರಡು. ಅಡಿಯಿಂದ ಬೋಲ್ಟು ಹಾಕಿ ಸೇರಿಸಿದ್ದರು. ಕಾಲುಗಳಿಗೂ ಬೋಲ್ಟು. ಒಂದಕ್ಕೂ ತುಕ್ಕು ಹಿಡಿದಿರಲಿಲ್ಲ. ಮುಟ್ಟಿದರೆ ಬೆರಳಿಗೆ ಮಿಷಿನ್ ಎಣ್ಣೆ ಹತ್ತಿತು.

"ಎಣ್ಣೆ ಬಿಡ್ತಾನೇ ಬಂದಿದ್ದಾರೆ ನಿಮ್ಮ ಯಜಮಾನ್ರು" ಅಂದ ಬಡಗಿ. "ಎಲ್ಲಿ ಅಂಗಡಿ ಖಾಲಿ ಮಾಡು ಅಂತಾರೋ ಅಂತ ಭಯ ಇತ್ತು ಅನ್ಸುತ್ತೆ ಪಾಪ."

ಬೀದಿಯವರಿಗೆ ಸುಳ್ಳು ಹೇಳಲಿ, ಮಾಲೀಕನಿಗೂ ಹೇಳಲಿ. ಅದೇ ಮೇಜಿನ ತುದಿಯಲ್ಲಿ ಕೂತು ಗುಂಡಿ ಹಾಕಿದವಳಿಗೆ ಒಂದು ಮಾತು ಹೇಳಬಹುದಿತ್ತು. ಅಂಗಡಿ ಹೋದೀತು ಎಂಬ ಭಯವನ್ನು ಒಬ್ಬರೇ ಇಟ್ಟುಕೊಂಡು, ನಾನು ಆಡಿಕೊಂಡರೂ ಸುಮ್ಮನಿದ್ದರು.

ಮೇಜು ಸಲೀಸಾಗಿ ಹೊರಗೆ ಬಂತು. ಮಾರನೇ ದಿನ ಬೀಗದ ಕೈ ಕೊಡಲು ಹೋದೆ. ಕನ್ನಡಕದವನು ಮೊದಲೇ ಬಂದು ಕೂತಿದ್ದ. ಮಾಲೀಕ ಹೊಸ ಕರಾರಿಗೆ ಸಹಿ ಹಾಕುತ್ತ ತಲೆ ಎತ್ತಿದ.

"ಅಂತೂ ಮೇಜು ಹೆಂಗಮ್ಮ ಹೊರಗೆ ಬಂತು?"

"ಕುಯ್ಯಿಸಿಬಿಟ್ಟೆ ಸ್ವಾಮಿ" ಅಂದೆ.

ಹಲಗೆಗಳು ಮನೆಯಲ್ಲಿ ಗೋಡೆಗೆ ಒರಗಿವೆ. ಜೋಡಿಸಲು ಜಾಗವಿಲ್ಲ. ಬೈಯೋಣವೆಂದರೆ ಅವರಿಲ್ಲ.